ಗುರುವಾರದ ಲಸಿಕೆ: ನಮ್ಮ ಬಡಾವಣೆ ಆರೋಗ್ಯ ಕೇಂದ್ರಕ್ಕೆ ಐದಕ್ಕೆ ನಾಲ್ಕು

ಒಂದು ಸ್ಟಾರ್ ಕಟ್ ಮಾಡಿದ್ದು ಟಾಯ್ಲೆಟ್ ಬಾಗಿಲಿಗೆ ಹಾಕಿದ್ದ ಬೀಗಕ್ಕೆ. ಉಳಿದ ನಾಲ್ಕೂ ಅಲ್ಲಿ ಲಸಿಕೆ ಹಾಕುವ ಸಿಸ್ಟರ್‌ಗೆ.

ಮೈಸೂರಿನಲ್ಲಿ ಇಂಥ ನಗರ ಆರೋಗ್ಯ ಕೇಂದ್ರಗಳು ಬೇಕಾದಷ್ಟಿವೆ. ಇದು ಯಾವುದು ಅಂತ ಹೆಸರು ಹಾಕುವುದಿಲ್ಲ. ಬೀಗದ ವಿಷಯ ಬರೆದು ಹೆಸರನ್ನೂ ಹಾಕಿದರೆ, ಮೇಲಿನವರು ಬಂದು ಬೈಯುವುದು ಅದೇ ಸಿಸ್ಟರ್‌ಗೆ, ಅಲ್ವಾ? ಈ ಊರಿನವರಾದರೆ ನಿಮ್ಮ ಏರಿಯಾದ ಕೇಂದ್ರವೂ ಹೆಚ್ಚು ಕಡಿಮೆ ಹೀಗೇ ಇರುತ್ತದೆ. ಒಂದು ಸಲ ಹೋಗಿ ನೋಡಿ.

ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು. ದಡಾರ-ರುಬೆಲ್ಲಾ ಲಸಿಕೆ, ಅಂದರೆ ಎಂಆರ್, ಹಾಕಿಸಬೇಕಿತ್ತು. ಅದಕ್ಕೂ ಮುಂಚಿನದೆಲ್ಲ ಒಂದು ಪ್ರೈವೇಟ್ ಕ್ಲಿನಿಕ್‌ನಲ್ಲಿ ಆಗಿತ್ತು. ಎಸಿ ರೂಮು, ಗೋಡೆ ಮೇಲೆ ಜಿರಾಫೆ, ಮಕ್ಕಳಿಗೆ ಸ್ಟಿಕ್ಕರ್. ಪ್ರತಿ ಸಲ ಬಿಲ್ ನೋಡಿ ನನ್ನ ಗಂಡ ಒಂದು ನಿಮಿಷ ಮಾತಾಡುತ್ತಿರಲಿಲ್ಲ. ದುಡ್ಡಿನ ವಿಷಯ ಬಿಡಿ, ಅದು ನಾವೇ ಆರಿಸಿಕೊಂಡಿದ್ದು. ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಕೊನೆಯ ಸಲ ಹೋದಾಗ ಡಾಕ್ಟರ್ ಹತ್ತಿರ ಒಂದೇ ಒಂದು ಪ್ರಶ್ನೆ ಕೇಳಿದೆ. "ಸರ್, ಮುಂದಿನ ಲಸಿಕೆಯಿಂದ ಆಟಿಸಂ ಬರುತ್ತೆ ಅಂತಾರಲ್ಲ, ನಿಜಾನಾ?" ಅವರು ಕಂಪ್ಯೂಟರ್‌ನಿಂದ ಕಣ್ಣು ತೆಗೆಯದೆ ನಕ್ಕರು. "ವಾಟ್ಸಾಪ್ ಓದ್ಕೊಂಡು ಬಂದ್ರಾ?" ಅಂದರು. ಅಷ್ಟೆ. ಮುಂದಿನ ಪೇಷೆಂಟ್ ಒಳಗೆ ಬಂದಾಗಿತ್ತು.

ಹೌದು, ವಾಟ್ಸಾಪ್ ಓದಿಕೊಂಡೇ ಹೋಗಿದ್ದೆ. ಅದರಲ್ಲಿ ನಾಚಿಕೆ ಏನಿದೆ? ನಮ್ಮ ಮನೆಯವರ ಗ್ರೂಪಿಗೆ ನಾಲ್ಕು ನಿಮಿಷದ ಒಂದು ಆಡಿಯೋ ಬಂದಿತ್ತು. ಯಾರೋ ಗಂಡಸು, ಒಳ್ಳೇ ಗಟ್ಟಿ ಧ್ವನಿ, "ಅಮೆರಿಕದ ಸರ್ಕಾರವೇ ಒಪ್ಪಿಕೊಂಡಿದೆ, ನಮ್ಮವರು ಮಾತ್ರ ಮುಚ್ಚಿಡುತ್ತಿದ್ದಾರೆ" ಅಂತ. ಬೇರೆ ಮನೆಯಾಗಿದ್ದರೆ ಕೇಳಿ ಅಳಿಸುತ್ತಿದ್ದರೇನೋ. ನಮ್ಮ ಮನೆಯಲ್ಲಿ ಹಾಗೆ ಆಗುವುದಿಲ್ಲ. ಮಂಡ್ಯದಲ್ಲಿರುವ ನನ್ನ ಅಕ್ಕನ ಮಗನಿಗೆ ಆಟಿಸಂ ಇದೆ, ಅಂದರೆ ಮಾತಾಡುವುದು, ಜನರ ಜೊತೆ ಬೆರೆಯುವುದು ಬೇರೆ ಮಕ್ಕಳ ಹಾಗಲ್ಲ. ಅವನಿಗೆ ಈಗ ಆರು ದಾಟಿದೆ. ಇಲ್ಲಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದ್ದು. ಮೂರು ವರ್ಷದಿಂದ ಅಕ್ಕ ಮಂಡ್ಯ-ಮೈಸೂರು ಓಡಾಡುತ್ತಲೇ ಇದ್ದಾಳೆ. ಆ ಆಡಿಯೋ ಬಂದ ರಾತ್ರಿ ಅವಳು ಫೋನ್ ಮಾಡಿ, "ನಿನ್ ಮಗೀಗೆ ಇನ್ನೂ ಹಾಕ್ಸಿಲ್ಲ ತಾನೇ? ಸ್ವಲ್ಪ ತಡಿ ಕಣೆ" ಅಂದಳು. ಅವಳ ಬಾಯಿಂದ ಆ ಮಾತು ಬಂದ ಮೇಲೆ ನನಗೆ ನಿದ್ದೆ ಎಲ್ಲಿಂದ ಬರಬೇಕು.

ಹೀಗೆ ಎರಡು ವಾರ ಮುಂದೂಡಿದೆ. ಅಷ್ಟರಲ್ಲಿ ಆಶಾ ಅಕ್ಕ ಮನೆ ಹತ್ತಿರ ಬಂದರು. ತಾಯಿ ಕಾರ್ಡ್ ತೆಗೆಸಿ ನೋಡಿದರು. "ಯಾಕಮ್ಮ ಲೇಟು? ಈ ಗುರುವಾರ ಬನ್ನಿ, ನಮ್ಮ ಸಿಸ್ಟರ್ ಹತ್ರ ಏನ್ ಬೇಕಾದ್ರೂ ಕೇಳಿ, ಬೇಜಾರ್ ಮಾಡ್ಕೊಳಲ್ಲ" ಅಂದರು. ಈ ಕೊನೆಯ ಮಾತಿಗೇ ನಾನು ಹೋಗಿದ್ದು.

ಒಂಬತ್ತೂವರೆಗೆ ಹೋದೆ. ಆಗಲೇ ಹನ್ನೊಂದು ಮಕ್ಕಳಿದ್ದರು. ಕೂರಲು ಎರಡು ಬೆಂಚು, ಒಂದರ ಕಾಲು ಅಲ್ಲಾಡುತ್ತೆ. ಲಸಿಕೆ ದಾಖಲಿಸುವ ಯು-ವಿನ್ ಆ್ಯಪ್‌ನಲ್ಲಿ ಹೆಸರು ಸೇರಿಸಬೇಕು, ಅದಕ್ಕೆ ಓಟಿಪಿ ಬರಬೇಕು, ಓಟಿಪಿ ಬರುವಷ್ಟರಲ್ಲಿ ನನ್ನ ಮಗಳು ಪಕ್ಕದ ಮಗುವಿನ ಟೋಪಿ ಕಿತ್ತು ಬಾಯಿಗೆ ಹಾಕಿಕೊಂಡಾಗಿತ್ತು. ಕುಡಿಯುವ ನೀರಿನ ಕ್ಯಾನ್ ಖಾಲಿ. ಟಾಯ್ಲೆಟ್ ಬೀಗದ ವಿಷಯ ಹೇಳಿದೆನಲ್ಲ, ಕೀ ಯಾರ ಹತ್ತಿರ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ತೋರಿಸಿದರು, ಅವರು ಇನ್ನೊಬ್ಬರ ಕಡೆ. ಎದೆಹಾಲು ಕುಡಿಸಲು ಮೂಲೆಯಲ್ಲಿ ಒಂದು ಪರದೆ ಇತ್ತು, ಅದು ಮಾತ್ರ ಚೆನ್ನಾಗಿತ್ತು.

ನನ್ನ ಸರದಿ ಬಂದಾಗ ಸಿಸ್ಟರ್ ಹೊಸ ಬಾಟಲಿ ಒಡೆಯುತ್ತಿದ್ದರು. ಐವತ್ತರ ಹತ್ತಿರದ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ನಾನು ಕೇಳುವ ಮೊದಲೇ ಬಾಟಲಿಯನ್ನು ನನ್ನ ಕಣ್ಣ ಮುಂದೆ ಹಿಡಿದರು. ಮುಚ್ಚಳದ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ. "ಒಳಗಿನ ಚೌಕ ಬೆಳ್ಳಗಿದೆ ನೋಡಿ. ಬಿಸಿ ತಾಗಿದ್ರೆ ಕಪ್ಪಾಗುತ್ತೆ. ಸುತ್ತಲಿನ ಬಣ್ಣಕ್ಕೆ ಬಂತು ಅಂದ್ರೆ ಬಿಸಾಕೋದೆ." ಆಮೇಲೆ ಪುಡಿಗೆ ನೀರು ಬೆರೆಸಿ, ಬಾಟಲಿ ಮೇಲೆ ಪೆನ್ನಿನಲ್ಲಿ 10.40 ಅಂತ ಬರೆದರು. ಬೆರೆಸಿದ ಮೇಲೆ ನಾಲ್ಕು ಗಂಟೆ ಅಷ್ಟೇ. ಉಳಿದದ್ದು ಹಾಳು ಅಂತ ಲೆಕ್ಕ. ಎಸಿ ಕ್ಲಿನಿಕ್‌ನಲ್ಲಿ ಇಷ್ಟು ಸಲ ಹೋಗಿದ್ದೆ, ಒಂದು ಬಾಟಲಿಯನ್ನೂ ನನಗೆ ಯಾರೂ ತೋರಿಸಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಧೈರ್ಯ ಬಂತು. ಕೇಳಿಯೇ ಬಿಟ್ಟೆ. ಅಕ್ಕನ ಮಗನ ವಿಷಯವನ್ನೂ ಹೇಳಿದೆ. ಸಿಸ್ಟರ್ ನಗಲಿಲ್ಲ. ಸಿರಿಂಜ್ ಟ್ರೇಯಲ್ಲಿಟ್ಟರು. "ಅವನಿಗೆ ಯಾವಾಗ ಗೊತ್ತಾಯ್ತು?" ಅಂತ ಕೇಳಿದರು. ಒಂದೂವರೆ ವರ್ಷದ ಮೇಲೆ ಅಂದೆ. "ಜಾಸ್ತಿ ಮಕ್ಕಳಲ್ಲಿ ಮನೆಯವರಿಗೆ ಗೊತ್ತಾಗೋದೇ ಆ ವಯಸ್ಸಲ್ಲಿ. ಮಾತು ಬರಬೇಕಾದ ಕಾಲ ಅದು. ನಾವು ಲಸಿಕೆ ಹಾಕೋದೂ ಅದೇ ವಯಸ್ಸಲ್ಲಿ. ಹಾಕದೇ ಇರೋ ಮಕ್ಕಳಲ್ಲೂ ಅಷ್ಟೇ ಬರುತ್ತೆ ಅಂತ ಎಣಿಸಿ ನೋಡಿದ್ದಾರೆ ಅಮ್ಮ. ಮನೇಲಿ ಅವನ ಕಾರ್ಡ್ ಇದ್ಯಾ? ಇದ್ರೆ ತಾರೀಖು ನೋಡಿ" ಅಂದರು. ಹಿಂದಿದ್ದ ಅಜ್ಜಿಯೊಬ್ಬರು "ಬೇಗ ಮಾಡವ್ವ" ಅಂದಾಗ, "ಇರಿ ಅಜ್ಜಿ, ಇವರಿಗೆ ಸಮಾಧಾನ ಆಗ್ಲಿ" ಅಂದರು. ನಾಲ್ಕು ಸ್ಟಾರಿನಲ್ಲಿ ಎರಡು ಈ ಒಂದು ಮಾತಿಗೆ.

ಹಾಕಿಸಿದೆ. ಬಲಗೈ ತೋಳಿಗೆ ಎಂಆರ್. ಅದೇ ದಿನ ನ್ಯುಮೋನಿಯಾ ತಡೆಯುವ ಪಿಸಿವಿ, ಪೋಲಿಯೋದ ಸೂಜಿ, ಕೊನೆಗೆ ಒಂದು ಚಮಚ ವಿಟಮಿನ್ ಎ. ಮಗಳು ಬೀದಿಗೆ ಕೇಳುವ ಹಾಗೆ ಅತ್ತಳು, ವಿಟಮಿನ್ ಚಮಚ ಮಾತ್ರ ಚಪ್ಪರಿಸಿದಳು. ಅರ್ಧ ಗಂಟೆ ಅಲ್ಲೇ ಕೂರಿಸಿದರು. ಯಾಕೆ ಅಂತಲೂ ಹೇಳಿದರು: ಅಪರೂಪಕ್ಕೆ ಯಾರಿಗಾದರೂ ಜೋರು ಅಲರ್ಜಿ ಆಗಬಹುದು, ಆದರೆ ಆಗುವುದು ಸಾಮಾನ್ಯವಾಗಿ ಕೂಡಲೇ. ಒಂದು ವಾರ, ಹತ್ತು ದಿನ ಬಿಟ್ಟು ಜ್ವರ ಬರಬಹುದು, ಮೈ ಮೇಲೆ ಕೆಂಪು ಗುಳ್ಳೆ ಏಳಬಹುದು. ಜ್ವರ ಏರಿದರೆ ಕೆಲವು ಮಕ್ಕಳಿಗೆ ಫಿಟ್ಸ್ ಥರ ಆಗುವುದೂ ಉಂಟು, ತೀರಾ ಅಪರೂಪ, ಆದರೆ ಹಾಗಾದರೆ ಕಾಯದೆ ಕರೆದುಕೊಂಡು ಬನ್ನಿ ಅಂದರು. ನನಗೆ ಈ ನೇರ ಮಾತು ಇಷ್ಟವಾಯಿತು. ಏನೂ ಆಗಲ್ಲ ಏನೂ ಆಗಲ್ಲ ಅಂದಿದ್ದರೆ ನಾನು ನಂಬುತ್ತಿರಲಿಲ್ಲ.

ಮನೆಗೆ ಬಂದು ಮಗು ಮಲಗಿದ ಮೇಲೆ ಓದಲು ಕೂತೆ. ಇದು ಆರೋಗ್ಯ ಕೇಂದ್ರದ ರಿವ್ಯೂ ಅಲ್ವಾ, ಇದೆಲ್ಲ ಯಾಕೆ ಅಂದರೆ ಇಲ್ಲಿಂದ ಮೂರ್ನಾಲ್ಕು ಪ್ಯಾರಾ ಬಿಟ್ಟು ಓದಿ. ಆದರೆ ನನ್ನ ಹಾಗೆ ರಾತ್ರಿ ಎದ್ದು ಕೂತಿರುವ ಅಮ್ಮಂದಿರು ಇದ್ದೇ ಇರುತ್ತಾರೆ.

ಲಸಿಕೆಯಿಂದ ಆಟಿಸಂ ಅನ್ನುವ ಈ ಕಥೆ ಶುರುವಾಗಿದ್ದು ಲಂಡನ್‌ನಲ್ಲಿ, 1998ರಲ್ಲಿ. ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನುವ ಡಾಕ್ಟರ್ ಮತ್ತು ಅವರ ಜೊತೆಯವರು ದಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಎಷ್ಟು ಮಕ್ಕಳನ್ನು ನೋಡಿ ಬರೆದಿದ್ದು ಗೊತ್ತಾ? 12. ಅವತ್ತು ನಮ್ಮ ಬೆಂಚಿನ ಸುತ್ತ ಇದ್ದ ಮಕ್ಕಳನ್ನು ಎಣಿಸಿದರೆ ಅಷ್ಟೇ ಆಗುತ್ತಿತ್ತು. ಎಂಎಂಆರ್ ಲಸಿಕೆ (ನಮ್ಮ ಎಂಆರ್ ಜೊತೆಗೆ ಮಂಗನಬಾವಿನದೂ ಸೇರಿದ್ದು) ಆದ ಮೇಲೆ ಮಗು ಬದಲಾಯಿತು ಅಂತ ಅದರಲ್ಲಿ ಕೆಲವು ಮಕ್ಕಳ ತಂದೆ ತಾಯಿ ಹೇಳಿದ್ದರು. ಅಷ್ಟಕ್ಕೇ ಇಂಗ್ಲೆಂಡ್ ತುಂಬ ಗಾಬರಿ. ಬ್ರಯಾನ್ ಡೀರ್ ಅನ್ನುವ ಪತ್ರಕರ್ತ ಬೆನ್ನು ಹತ್ತಿದಾಗ ಒಂದೊಂದೇ ಹೊರಬಂತು. ಲಸಿಕೆ ಕಂಪನಿಗಳ ಮೇಲೆ ಕೇಸ್ ಹಾಕಲು ಹೊರಟಿದ್ದ ವಕೀಲರ ಕಡೆಯಿಂದ ವೇಕ್‌ಫೀಲ್ಡ್‌ಗೆ ನಾಲ್ಕು ಲಕ್ಷ ಪೌಂಡ್‌ಗೂ ಜಾಸ್ತಿ ಹಣ ಸೇರಿತ್ತು. ಮಕ್ಕಳ ಕೇಸ್ ಶೀಟಿನಲ್ಲಿ ಇದ್ದದ್ದೇ ಬೇರೆ, ಲೇಖನದಲ್ಲಿ ಬರೆದದ್ದೇ ಬೇರೆ. ಜೊತೆಗೆ ಬರೆದವರಲ್ಲಿ ಹತ್ತು ಜನ 2004ರಲ್ಲಿ, ಲಸಿಕೆಗೂ ಆಟಿಸಂಗೂ ಸಂಬಂಧ ಇರಬಹುದು ಅನ್ನುವ ಅರ್ಥಕ್ಕೆ ನಾವು ಹೊಣೆಯಲ್ಲ ಅಂತ ಹಿಂದೆ ಸರಿದರು. 2010ರಲ್ಲಿ ಲ್ಯಾನ್ಸೆಟ್ ಲೇಖನವನ್ನೇ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಅಲ್ಲಿನ ವೈದ್ಯಕೀಯ ಮಂಡಳಿ ಅವರ ಹೆಸರನ್ನು ಡಾಕ್ಟರುಗಳ ಪಟ್ಟಿಯಿಂದ ಹೊಡೆದುಹಾಕಿತು.

ಒಬ್ಬ ಮೋಸ ಮಾಡಿದ ಅಂದಮಾತ್ರಕ್ಕೆ ಲಸಿಕೆ ಒಳ್ಳೆಯದು ಅಂತ ಆಗಲ್ಲವಲ್ಲ, ಬೇರೆಯವರು ಸರಿಯಾಗಿ ಎಣಿಸಿದ್ದಾರಾ ಅಂತ ಹುಡುಕಿದೆ. ಎಣಿಸಿದ್ದಾರೆ. ಡೆನ್ಮಾರ್ಕ್‌ನಲ್ಲಿ ಹುಟ್ಟಿದ ಪ್ರತಿ ಮಗುವಿನ ದಾಖಲೆ ಸರ್ಕಾರದ ಬಳಿ ಇರುತ್ತದಂತೆ. 2019ರಲ್ಲಿ ಬಂದ ಅಧ್ಯಯನದಲ್ಲಿ 6,57,461 ಮಕ್ಕಳು. ಎಂಎಂಆರ್ ಹಾಕಿಸಿಕೊಂಡವರಲ್ಲಿ ಆಟಿಸಂ ಜಾಸ್ತಿ ಇರಲಿಲ್ಲ. ಅದರಲ್ಲಿ ನಾನು ಎರಡು ಸಲ ಓದಿದ ಸಾಲು ಬೇರೆ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರುವ ಮಕ್ಕಳನ್ನು ಬೇರೆಯಾಗಿ ತೆಗೆದು ನೋಡಿದ್ದಾರೆ, ಅವರಲ್ಲೂ ಲಸಿಕೆಯಿಂದ ಏನೂ ಏರಲಿಲ್ಲ. ನಮ್ಮಂಥ ಮನೆಯವರಿಗೆ ಬೇಕಾಗಿದ್ದೇ ಈ ಲೆಕ್ಕ. ಜಪಾನಿನದು ಇನ್ನೂ ಸರಳ. ಅಲ್ಲಿ 1993ರಲ್ಲಿ ಎಂಎಂಆರ್ ಕೊಡುವುದನ್ನೇ ನಿಲ್ಲಿಸಿದರು. ಯೊಕೊಹಾಮಾದಲ್ಲಿ ಆಮೇಲೂ ಆಟಿಸಂ ಪತ್ತೆಯಾಗುವುದು ಏರುತ್ತಲೇ ಹೋಯಿತು.

ಪಾದರಸದ ಮಾತೂ ಆ ಆಡಿಯೋದಲ್ಲಿ ಇತ್ತು. ಥಯೋಮರ್ಸಲ್ ಅಂತ ಒಂದು ಪದಾರ್ಥ, ಬಹಳ ಡೋಸ್ ಇರುವ ಬಾಟಲಿ ಕೆಡದಿರಲಿ ಅಂತ ಚೂರು ಹಾಕುತ್ತಾರೆ. ಅದರಲ್ಲಿರುವುದು ಮೀನಿನಲ್ಲಿ ಸೇರಿಕೊಳ್ಳುವ ಥರದ ಪಾದರಸ ಅಲ್ಲ, ಮೈಯಿಂದ ಬೇಗ ಹೊರಗೆ ಹೋಗುವ ಜಾತಿ. ಅಮೆರಿಕದಲ್ಲಿ 2001ರ ಹೊತ್ತಿಗೆ, ಕೆಲವು ಫ್ಲೂ ಲಸಿಕೆ ಬಿಟ್ಟು, ಮಕ್ಕಳ ಲಸಿಕೆಗಳಿಂದ ಅದನ್ನು ತೆಗೆದೇಬಿಟ್ಟರು. ಆಟಿಸಂ ಇಳಿಯಲಿಲ್ಲ. ಅಷ್ಟಕ್ಕೂ ಎಂಆರ್ ಬಾಟಲಿಯಲ್ಲಿ ಅದು ಇರುವುದೇ ಇಲ್ಲ. ಇದು ಜೀವಂತ ವೈರಸ್ಸಿನ ಲಸಿಕೆ, ಥಯೋಮರ್ಸಲ್ ಹಾಕಿದರೆ ವೈರಸ್ಸೇ ಸಾಯುತ್ತದೆ. ಅದಕ್ಕೇ ಸಿಸ್ಟರ್ ಆ ನಾಲ್ಕು ಗಂಟೆ ಲೆಕ್ಕ ಬರೆದಿದ್ದು ಅಂತ ಆಗ ತಲೆಗೆ ಹೊಳೆಯಿತು.

ಇನ್ನು "ಅಮೆರಿಕವೇ ಒಪ್ಪಿಕೊಂಡಿದೆ" ಅನ್ನುವ ಮಾತು. ಪೂರ್ತಿ ಸುಳ್ಳಲ್ಲ, ಅದೇ ತಲೆನೋವು. 2025ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ವೆಬ್‌ಸೈಟಿನಲ್ಲಿ ಮಾತು ತಿರುಗಿಸಿದ್ದು ನಿಜ. ಲಸಿಕೆಯಿಂದ ಆಟಿಸಂ ಬರಲ್ಲ ಅನ್ನುವುದಕ್ಕೆ ಪೂರ್ತಿ ಆಧಾರ ಇಲ್ಲ ಅನ್ನುವ ಥರ ಬರೆದರು. ಹಾಗೆ ಬದಲಿಸಿ ಅಂತ ಹೇಳಿದ್ದು ಆರೋಗ್ಯ ಸಚಿವ ರಾಬರ್ಟ್ ಕೆನಡಿ, ಅದನ್ನು ಅವರೇ ಹೇಳಿಕೊಂಡಿದ್ದಾರೆ. ಅವರು ಲಸಿಕೆ ವಿರುದ್ಧ ಮಾತಾಡುತ್ತಾ ಬಂದು ಎಷ್ಟೋ ವರ್ಷಗಳಾದವು. ಹಿಂದಿನ ಲೆಕ್ಕವನ್ನು ಸುಳ್ಳು ಮಾಡುವ ಹೊಸ ಲೆಕ್ಕ ಏನೂ ಅದರ ಹಿಂದೆ ಇರಲಿಲ್ಲ. ಮುಂದಿನ ತಿಂಗಳೇ ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿ ಅಧ್ಯಯನಗಳನ್ನು ಮತ್ತೆ ತಿರುವಿ ಹಾಕಿ, ಸಂಬಂಧ ಇಲ್ಲ ಅಂತಲೇ ಹೇಳಿತು. ಆ ಸುದ್ದಿಯ ಆಡಿಯೋ ನಮ್ಮ ಗ್ರೂಪಿಗೆ ಬರಲಿಲ್ಲ.

ಸಿಸ್ಟರ್ ಹೇಳಿದ ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಭಾನುವಾರ ಮಂಡ್ಯಕ್ಕೆ ಹೋದೆವು. ಅಕ್ಕ ಬೀರುವಿನ ಸೀರೆ ಕೆಳಗಿಂದ ಹುಡುಗನ ತಾಯಿ ಕಾರ್ಡ್ ತೆಗೆದಳು. ಅಂಚು ಹರಿದು, ಅರಿಶಿನದ ಕಲೆ ಆಗಿತ್ತು. ಅವನು ಹುಟ್ಟಿದ್ದು 2019ರ ಜೂನ್. ಒಂಬತ್ತು ತಿಂಗಳು ತುಂಬಿದ್ದು 2020ರ ಮಾರ್ಚ್. ಮಾರ್ಚ್ ಕೊನೆ ವಾರ ಲಾಕ್‌ಡೌನ್. ಎಂಆರ್ ಕಾಲಂನಲ್ಲಿ ಇದ್ದ ತಾರೀಖು ಅಕ್ಟೋಬರ್‌ನದು. ಅಕ್ಕ ಅದನ್ನು ಮರೆತೇಬಿಟ್ಟಿದ್ದಳು. ಆಮೇಲೆ ಭಾವ ಹಳೇ ಫೋನ್ ಚಾರ್ಜಿಗೆ ಹಾಕಿ, ಮೊದಲ ಹುಟ್ಟುಹಬ್ಬದ ವೀಡಿಯೋ ತೆಗೆದರು. ಜೂನ್ ತಿಂಗಳು, ಮನೆಯವರು ಐದೇ ಜನ, ಮನೆಯಲ್ಲೇ ಮಾಡಿದ ರವೆ ಕೇಕ್. ಭಾವ "ಚಿನ್ನೂ, ಚಿನ್ನೂ, ಇಲ್ನೋಡು" ಅಂತ ನಾಲ್ಕು ಸಲ ಕರೆಯುತ್ತಾರೆ. ಹುಡುಗ ಪ್ಲಾಸ್ಟಿಕ್ ಟ್ರ್ಯಾಕ್ಟರನ್ನು ತಲೆಕೆಳಗು ಮಾಡಿ, ಹಿಂದಿನ ಚಕ್ರ ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದಾನೆ. ಐದನೇ ಸಲ ಅಕ್ಕನೇ ಚಪ್ಪಾಳೆ ತಟ್ಟಿ ಕರೆಯುತ್ತಾಳೆ. ತಲೆ ಎತ್ತುವುದಿಲ್ಲ. ಎಂಆರ್ ಆಗಲು ಇನ್ನೂ ನಾಲ್ಕು ತಿಂಗಳಿತ್ತು.

ಅದಕ್ಕೂ ಮುಂಚೆ ಪೆಂಟಾ, ಬಿಸಿಜಿ ಅಂತ ಬೇರೆ ಲಸಿಕೆಗಳೆಲ್ಲ ಆಗಿತ್ತಲ್ಲ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಒಬ್ಬ ಹುಡುಗನ ವೀಡಿಯೋದಿಂದ ಹಾಗೂ ಸಾಬೀತಾಗಲ್ಲ, ಹೀಗೂ ಆಗಲ್ಲ. ಅದಕ್ಕೇ ಲಕ್ಷಗಟ್ಟಲೆ ಮಕ್ಕಳ ಲೆಕ್ಕ ಬೇಕಾಗಿದ್ದು. ಅಮೆರಿಕದಲ್ಲಿ ಲಿಯೋ ಕ್ಯಾನರ್ ಅನ್ನುವ ಡಾಕ್ಟರ್ ಇಂಥ ಮಕ್ಕಳ ಬಗ್ಗೆ ಬರೆದಿದ್ದು 1943ರಲ್ಲಿ. ದಡಾರದ ಲಸಿಕೆ ಬಂದಿದ್ದು 1963ರಲ್ಲಿ. ಜೀನ್‌ಗಳ ಪಾಲೇ ದೊಡ್ಡದು ಅಂತ ಈಗ ಗೊತ್ತಾಗಿದೆ, ಅವಳಿ ಮಕ್ಕಳನ್ನೂ ಒಡಹುಟ್ಟಿದವರನ್ನೂ ನೋಡಿ. ಇದನ್ನು ಅಕ್ಕನಿಗೆ ಹೇಳುವಾಗ ನನಗೆ ಭಯವೇ ಇತ್ತು, ಹಾಗಾದರೆ ತಪ್ಪು ನಂದು ಅಂತ ಅಂದುಕೊಂಡುಬಿಟ್ಟರೆ ಅಂತ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕಾರ್ಡ್ ಮಡಚಿ ಇಟ್ಟಳು. "ನಾನೇ ಎತ್ಕೊಂಡೋಗಿ ಚುಚ್ಚಿಸ್ದೆ ಅಂತ ಇಷ್ಟ್ ವರ್ಷ ಅಂದ್ಕೊಂಡಿದ್ದೆ ಕಣೆ" ಅಂದಳು. ಅಷ್ಟೇ ಹೇಳಿದ್ದು.

ಒಂದು ವಿಷಯ ಹೇಳಲೇಬೇಕು, ಓದಿದಾಗ ನಾನೇ ಬೆಪ್ಪಾದೆ. ಎಂಆರ್‌ನಲ್ಲಿರುವ ಎರಡನೆಯ ಅಕ್ಷರ ರುಬೆಲ್ಲಾ. ಮಕ್ಕಳಿಗೆ ಬಂದರೆ ಸಾಮಾನ್ಯವಾಗಿ ಎರಡು ಮೂರು ದಿನದ ಗುಳ್ಳೆ ಜ್ವರ. ಬಸುರಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಕಿವಿ ಕೇಳದೇ ಹೋಗಬಹುದು, ಕಣ್ಣಿಗೆ ಪೊರೆ ಬರಬಹುದು, ಹೃದಯದಲ್ಲಿ ತೂತಾಗಬಹುದು. ಹಾಗೆ ಹುಟ್ಟಿದ ಮಕ್ಕಳಲ್ಲಿ ಆಟಿಸಂ ಜಾಸ್ತಿ ಅಂತ 1970ರ ದಶಕದಲ್ಲೇ ಅಮೆರಿಕದಲ್ಲಿ ನೋಡಿದ್ದಾರೆ. ಅಂದರೆ ಯಾವ ಲಸಿಕೆಯಿಂದ ಆಟಿಸಂ ಬರುತ್ತೆ ಅಂತ ನಾನು ಎರಡು ವಾರ ಮುಂದೂಡಿದೆನೋ, ಅದು ತಡೆಯುವ ಕಾಯಿಲೆಯೇ ಆಟಿಸಂಗೆ ಒಂದು ಕಾರಣ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಹದಿನೈದು ವರ್ಷದವರೆಗಿನ ಮಕ್ಕಳಿಗೆ ಎಂಆರ್ ಹಾಕಿದಾಗಲೂ ಇದೇ ಥರ ಮೆಸೇಜುಗಳು ಓಡಾಡಿದ್ದವು, ನೆನಪಿದೆಯಾ?

ನಮ್ಮ ಊರಿಗೆ ಈ ಗಲಾಟೆ ಹೊಸದೇನಲ್ಲ. 1805ರಲ್ಲಿ ಥಾಮಸ್ ಹಿಕಿ ಬರೆದ ಮೈಸೂರು ಅರಮನೆಯ ಹೆಂಗಸರ ಚಿತ್ರ ಒಂದಿದೆ. ಅದರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಾರೆ. ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಅದು, ಜನರ ಹೆದರಿಕೆ ಹೋಗಲಿ ಅಂತಲೇ ಬರೆಸಿದ್ದು ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ಆ ಚಿತ್ರದ ಒಂದು ಪ್ರತಿ ತಂದು ನಮ್ಮ ಆರೋಗ್ಯ ಕೇಂದ್ರದ ಗೋಡೆಗೆ ಹಾಕಬೇಕು. ಜಿರಾಫೆಗಿಂತ ವಾಸಿ.

ಒಂಬತ್ತನೇ ದಿನ ಮಗಳಿಗೆ ಜ್ವರ ಬಂತು. 101 ಇತ್ತು. ಎದೆ ಮೇಲೆ ನಾಲ್ಕೈದು ಕೆಂಪು ಗುಳ್ಳೆ. ನಮ್ಮತ್ತೆ "ಅಮ್ಮ ಆಗಿದೆಯೇನೋ" ಅಂತ ಬೇವಿನ ಸೊಪ್ಪು ಹುಡುಕಲು ಹೊರಟರು. ನಾನು ಆಶಾ ಅಕ್ಕನಿಗೆ ಫೋನ್ ಮಾಡಿದೆ, ಅವರು ಸಿಸ್ಟರ್ ಹತ್ತಿರವೇ ಮಾತಾಡಿಸಿದರು. ತೂಕ ಕೇಳಿ, ಪ್ಯಾರಾಸಿಟಮಾಲ್ ಎಷ್ಟು ಎಂಎಲ್ ಅಂತ ಹೇಳಿದರು. ಎರಡು ದಿನಕ್ಕೆ ಇಳಿಯಿತು. ಸಂಜೆ ಆಶಾ ಅಕ್ಕ ಬಂದು ನೋಡಿಕೊಂಡೂ ಹೋದರು. ಇದಕ್ಕೆಲ್ಲ ಒಂದು ರೂಪಾಯಿ ಬಿಲ್ ಇಲ್ಲ.

ಹೋಗುವವರಿಗೆ ಎರಡು ಮಾತು. ಗುರುವಾರ ಒಂಬತ್ತಕ್ಕೇ ಹೋಗಿ, ಹತ್ತರ ಮೇಲೆ ಬೆಂಚು ಸಿಗಲ್ಲ. ಆಧಾರ್‌ಗೆ ಲಿಂಕ್ ಆಗಿರುವ ಫೋನ್ ಚಾರ್ಜ್ ಮಾಡಿಕೊಂಡು ಹೋಗಿ. ತಾಯಿ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿಡಿ. ನೀರು ಮನೆಯಿಂದಲೇ ತನ್ನಿ. ಮಗುವಿಗೆ ತೋಳು ಬಿಚ್ಚಲು ಬರುವಂಥ ಅಂಗಿ ಹಾಕಿ, ನಾನು ಬಿಗಿ ಫ್ರಾಕ್ ಹಾಕಿಕೊಂಡು ಹೋಗಿ ಒದ್ದಾಡಿದೆ. ಎದುರಿಗೆ ಎಳನೀರು ಮಾರುವವರಿದ್ದಾರೆ, ಅವರ ಹತ್ತಿರ ಫೋನ್‌ಪೇ ಇಲ್ಲ, ಚಿಲ್ಲರೆ ಇಟ್ಟುಕೊಳ್ಳಿ.